ಒಡ್ಡಿಗೆ ಕೋಡಿ ಬಿಟ್ಟ ಮೇಲೆ

ನಮ್ಮದು ಆಳಂದ ತಾಲ್ಲೂಕಿನ ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಮಳೆ ನಂಬಿದ ಬೇಸಾಯ, ಮುಖ್ಯ ಬೆಳೆ ತೊಗರಿ. ಹೊಲ ನೋಡಲು ಬಂದವರು ಸಾಮಾನ್ಯವಾಗಿ ನಡುವೆ ಹೋಗಿ ನಿಂತು ಬೆಳೆ ಹೇಗಿದೆ ಎಂದು ನೋಡುತ್ತಾರೆ. ನಾನು ಮಾತ್ರ ಮೊದಲು ಬದು ಹಿಡಿದು ಒಂದು ಸುತ್ತು ಹಾಕುತ್ತೇನೆ. ನೀರು, ದನ, ಟ್ರ್ಯಾಕ್ಟರ್ ಡ್ರೈವರ್, ಬಾಜೂ ಹೊಲದವರು, ಇವರೆಲ್ಲ ನಮ್ಮ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ನೀರಿನಿಂದಲೇ ಶುರು ಮಾಡೋಣ. ಒಂದು ಎಕರೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 2 ಲಕ್ಷ ಲೀಟರ್. ಬೇಸಿಗೆಯಲ್ಲಿ ಎರೆ ಮಣ್ಣು ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಮಿರಗದ (ಮೃಗಶಿರಾ) ಮೊದಲ ಮಳೆ ಆ ಬಿರುಕಿನಲ್ಲಿ ಸೀದಾ ಇಳಿದುಬಿಡುತ್ತದೆ. ಮಣ್ಣು ಒಮ್ಮೆ ನೆನೆದು ಉಬ್ಬಿತೋ, ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಒಳಗೆ ಹೋಗುವುದು ಬಹಳ ನಿಧಾನ. ಹಾಗಾಗಿ ಸೆಪ್ಟೆಂಬರ್ ಮಳೆಯ ನೀರು ಹೊಲದಲ್ಲೇ ನಿಲ್ಲಬೇಕು, ಇಲ್ಲ ಹರಿಯಬೇಕು. ಯಾವುದಾಗುತ್ತದೆ ಅನ್ನೋದನ್ನು ನೀರಿಗೆ ಅಡ್ಡ ಹಾಕಿದ ಮಣ್ಣಿನ ಒಡ್ಡು ಹೇಳುತ್ತದೆ.

ನಮ್ಮ ಕೆಳಗಿನ ಹೊಲ ಒಬ್ಬ ಹಿರಿಯರದು, ನಾನು ಅವರನ್ನು ಕಾಕಾ ಅಂತೀನಿ. ನಮ್ಮ ನೀರು ಬರಬಾರದೆಂದು ಅವರು ನಡುವಿನ ಒಡ್ಡನ್ನು ಎದೆಮಟ್ಟ ಏರಿಸಿದ್ದರು. ಬಾಯಿ ಇಲ್ಲದ ಒಡ್ಡು. ಮೇಲೆ ನಮ್ಮ ತೊಗರಿಯ ಬುಡದಲ್ಲಿ ನೀರು ನಿಂತು ಎಲೆ ಹಳದಿಯಾಗುತ್ತಿತ್ತು. ತೊಗರಿ ಬರ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಕೊನೆಗೆ ಹಳೆ ಬಿರುಕು ಇದ್ದ ಕಡೆ ಒಡ್ಡು ಒಡೆಯುತ್ತಿತ್ತು. ತಡೆದಷ್ಟೂ ನೀರು ಒಂದೇ ಕಡೆಯಿಂದ ನುಗ್ಗಿ ಕಾಕಾನ ಹೊಲದಲ್ಲಿ ಕೊರಕಲು ತೋಡುತ್ತಿತ್ತು. ಒಡ್ಡು ಎತ್ತರ ಆದಷ್ಟೂ ಕೊರಕಲು ಆಳ. ಬೈಗುಳವೂ ಜೋರು.

ಎರೆ ಮಣ್ಣಿನಲ್ಲಿ ಸಮಪಾತಳಿ ಒಡ್ಡು, ಅಂದರೆ ಇಳುಕಲಿಲ್ಲದೆ ಒಂದೇ ಮಟ್ಟದಲ್ಲಿ ಹಾಕಿದ ಒಡ್ಡು, ಕೈಕೊಡುತ್ತದೆ ಅನ್ನೋದು ಹೊಸ ವಿಷಯವಲ್ಲ. 1972ರಲ್ಲಿ ಶುರುವಾದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಒಣಬೇಸಾಯ ಸಂಶೋಧನಾ ಸಂಸ್ಥೆ ಎರೆ ಭೂಮಿಗೆ ಅಗಲ ಮಡಿ, ನಡುವೆ ಕಾಲುವೆ ಸಾಲು ಎಂಬ ಪದ್ಧತಿ ಹೇಳಿಕೊಟ್ಟದ್ದೇ ಇದಕ್ಕಾಗಿ. ನೀರನ್ನು ನಿಲ್ಲಿಸಬೇಡಿ, ಓಡಿಸಲೂ ಬೇಡಿ, ನಡೆಸಿ. ನಾನು ಹೊಲದೊಳಗೆ ಸ್ವಲ್ಪ ಇಳುಕಲಿನ ಒಡ್ಡು ಹಾಕಿದೆ. ನೂರು ಮೀಟರ್ ಉದ್ದಕ್ಕೆ 20ರಿಂದ 40 ಸೆಂಟಿಮೀಟರ್ ಇಳಿದರೆ ಸಾಕು. ಅದಕ್ಕೆ ದೊಡ್ಡ ಯಂತ್ರ ಬೇಡ. ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆ ಇಲ್ಲದಂತೆ ನೋಡಿಕೊಂಡು, ಒಂದೊಂದು ತುದಿ ಒಬ್ಬೊಬ್ಬರು ಹಿಡಿಯಬೇಕು. ಹತ್ತು ಮೀಟರಿಗೊಂದು ಗೂಟ. ಪ್ರತಿ ಗೂಟಕ್ಕೂ ಮೂರು ಸೆಂಟಿಮೀಟರ್ ಇಳಿಸುತ್ತ ಹೋದರೆ ಗೆರೆ ತಾನಾಗೇ ಸಿಗುತ್ತದೆ. ಆ ಗೆರೆ ನೇರ ಇರುವುದಿಲ್ಲ, ಹೊಲ ಹೇಳಿದ ಹಾಗೆ ಬಾಗುತ್ತದೆ. ಸೊಟ್ಟ ಸಾಲು ನೋಡಿ ಟ್ರ್ಯಾಕ್ಟರಿನವನು ಗೊಣಗಿದ, ಬಾಡಿಗೆ ಜಾಸ್ತಿ ಕೇಳಿದ, ಅದು ಬೇರೆ ಮಾತು.

ಕಷ್ಟದ ಕೆಲಸ ಮಣ್ಣಿನದಲ್ಲ. ಒಡ್ಡಿನ ನೀರು ಹಳ್ಳಕ್ಕೆ ಸೇರಬೇಕಾದರೆ ಕಾಕಾನ ಹೊಲದ ಒಂದು ಮೂಲೆ ದಾಟಲೇಬೇಕು. ಕಾನೂನು ನಮ್ಮ ಕಡೆ ಇದೆ. ಮೇಲಿನ ಜಮೀನಿನ ಮಳೆನೀರು ಸಹಜವಾಗಿ ಹರಿದು ಬಂದರೆ ಕೆಳಗಿನವರು ಬಿಟ್ಟುಕೊಡಬೇಕು ಎಂದು 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ಆದರೆ ಕಾಯ್ದೆ ಹಿಡಿದುಕೊಂಡು ಹೋದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಬಾಂದುಕಲ್ಲು, ಅಂದರೆ ಗಡಿಕಲ್ಲು, ನೆಟ್ಟರೂ ಅಷ್ಟೇ. ಜಮೀನು ಯಾರದೆಂದು ಕಲ್ಲು ಹೇಳಬಹುದು, ನೀರಿಗೆ ಅದರ ಹಂಗಿಲ್ಲ.

ಎಳ್ಳಮಾಸಿ (ಎಳ್ಳ ಅಮಾವಾಸ್ಯೆ) ದಿನ ಕೇಳಿದೆ. ಆ ದಿನ ನಮ್ಮ ಕಡೆ ಎಲ್ಲರೂ ಹೊಲದಲ್ಲೇ ಇರುತ್ತಾರೆ. ಚರಗ (ಭೂಮಿತಾಯಿಗೆ ಎಡೆ) ಚೆಲ್ಲುತ್ತ ಹೊಲದ ಸುತ್ತ ನಡೆಯುತ್ತಾರೆ, ಭಜ್ಜಿ ರೊಟ್ಟಿಗೆ ಬಾಜೂದವರನ್ನು ಕರೆಯುತ್ತಾರೆ. ಊಟ ಆದ ಮೇಲೆ ಕಾಕಾನನ್ನು ಒಡ್ಡಿನ ಮೇಲೆ ಕರೆದುಕೊಂಡು ಹೋದೆ.

"ನಿಮ್ಮ ನೀರು ನನ್ನ ಹೊಲದಾಗ ಯಾಕ ಬರಬೇಕಪಾ?"

"ಬರೋದಂತೂ ಬರ್ತದ ಕಾಕಾ. ಎಲ್ಲಿ ಬರಬೇಕು ಅನ್ನೋದು ನೀವೇ ತೋರಸ್ರಿ."

ಸುಮ್ನೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಮೂಲೆಗೆ ಹೋಗಿ ಒಂದು ಕಲ್ಲಿಟ್ಟರು. "ಇಲ್ಲಿ. ಇದರ ಆಚಿ ಒಂದು ಹನಿ ಬರಬಾರ್ದು ನೋಡು."

ಆ ಕಲ್ಲಿನ ಜಾಗದಲ್ಲೇ ಕೋಡಿ ಮಾಡಿದೆ. ಒಡ್ಡಿನ ನೆತ್ತಿಗಿಂತ ಒಂದು ಅಡಿ ತಗ್ಗಿನಲ್ಲಿ ಬಾಯಿ. ಶಹಾಬಾದ್ ಫರಸಿಯ ಚೂರು ನಮ್ಮಲ್ಲಿ ಅಗ್ಗಕ್ಕೆ ಸಿಗುತ್ತದೆ, ಬಾಯಿಯ ಎರಡು ಪಕ್ಕಕ್ಕೆ ಅದನ್ನೇ ನಿಲ್ಲಿಸಿದೆ. ನೀರು ಬೀಳುವ ಜಾಗಕ್ಕೆ ಮಾತ್ರ ಫರಸಿ ಹಾಕಬೇಡಿ. ನುಣುಪು ಕಲ್ಲಿನ ಮೇಲೆ ನೀರಿನ ಓಟ ಹೆಚ್ಚಾಗಿ ಅದರ ತುದಿಯಲ್ಲಿ ಗುಂಡಿ ಬೀಳುತ್ತದೆ. ಅಲ್ಲಿ ಒರಟು ಗುಂಡುಕಲ್ಲು ಬೇಕು, ಒಂದರ ಮೈಗೊಂದು ಒತ್ತಿ ಕೂರಿಸಬೇಕು. ಒಡ್ಡಿನ ಎತ್ತರವನ್ನು ಕಾಕಾ ತಾವೇ ಮೊಣಕಾಲಿಗೆ ಇಳಿಸಿದರು. ನಾನು ಹೇಳಿರಲಿಲ್ಲ.

ಇನ್ನು ಬದು ತಿನ್ನುವ ಚಾಳಿ. ಉಳುವಾಗ ಪ್ರತಿ ವರ್ಷ ಒಂದು ಗೇಣು ಒಳಗೆ ಸರಿಯುವುದು ಎಲ್ಲ ಊರಿನಲ್ಲೂ ಇದೆ. 200 ಮೀಟರ್ ಉದ್ದದ ಬದುವನ್ನು ಎರಡು ಅಡಿ ಒತ್ತಿದರೆ ಒಂದು ಗುಂಟೆಗಿಂತ ಜಾಸ್ತಿ ಹೋಯಿತು ಅಂತಲೇ ಲೆಕ್ಕ. ಬೋಳು ಬದು ಕಂಡರೆ ಯಾರಿಗಾದರೂ ಆಸೆ ಆಗುತ್ತದೆ, ಅಲ್ವಾ? ನಾವು ಲಾವಂಚ ಹಚ್ಚಿದೆವು. ಅದರ ಬೇರು ಆಳಕ್ಕೆ ಇಳಿಯುತ್ತದೆ, ಪಕ್ಕಕ್ಕೆ ಹಬ್ಬಿ ಹೊಲ ನುಂಗುವುದಿಲ್ಲ. ಗುಂಡ್ಲುಪೇಟೆ ಕಡೆ ರೈತರು ಇದನ್ನು ಹಿಂದಿನಿಂದಲೂ ಹೊಲದ ಗಡಿಗೆ ಹಚ್ಚುತ್ತಾರೆ. ನಮ್ಮ ಬದುವಿನ ಎಳೆ ಎಲೆಯನ್ನು ಆ ಕಡೆಯಿಂದ ಬಾಜೂ ಹೊಲದವರು ಕೊಯ್ಯುತ್ತಾರೆ, ಈ ಕಡೆಯಿಂದ ನಾವು. ಇಬ್ಬರ ದನವೂ ತಿನ್ನುವ ಬದುವನ್ನು ಇಬ್ಬರೂ ಉಳುವುದಿಲ್ಲ. ನನ್ನ ಮಟ್ಟಿಗೆ ಬಾಂದುಕಲ್ಲಿಗಿಂತ ಇದೇ ಗಟ್ಟಿ.

ದಾರಿ ಕಡೆಯ ಅಂಚಿಗೆ ಕುಸುಬೆ. ಮುಳ್ಳಿರುವ ಎರಡು ಸಾಲು ಇದ್ದರೆ ದನ ಬಾಯಿ ಹಾಕದೆ ಮುಂದೆ ಹೋಗುತ್ತವೆ. ಹಳೆಯ ಉಪಾಯ, ಎಣ್ಣೆ ಲಾಭ. ಆದರೆ ಸಾಲಿನಲ್ಲಿ ಒಂದು ಕಡೆ ಬೀಜ ಹುಟ್ಟದಿದ್ದರೆ ಎಲ್ಲ ದನವೂ ಅಲ್ಲಿಂದಲೇ ನುಗ್ಗುತ್ತವೆ. ಖಾಲಿ ಬಿದ್ದ ಕಡೆ ಬೇಗನೆ ಮತ್ತೆ ಬೀಜ ಊರಬೇಕು.

ಅಂಚಿನ ಇನ್ನೊಂದು ಆಟ ಇದೆ. ಬದುವಿನ ಪಕ್ಕದ ಸಾಲಿನ ತೊಗರಿ ಯಾವಾಗಲೂ ದಪ್ಪ, ಕಾಯಿ ಜಾಸ್ತಿ. ಒಂದು ಕಡೆ ಪೈಪೋಟಿ ಇಲ್ಲ, ಬಿಸಿಲು ಧಾರಾಳ. ದಾರಿಯಿಂದ ನೋಡಿ ಎಕರೆಗೆ ಇಷ್ಟು ಕ್ವಿಂಟಲ್ ಅಂದವರ ಮಾತು ನಂಬಬೇಡಿ. ಇಳುವರಿ ಅಳೆಯುವವರು ಅಂಚಿನ ಸಾಲು ಬಿಟ್ಟು ಒಳಗೆ ಹೋಗುವುದು ಇದಕ್ಕೇ.

ಮಾಡಬೇಕೆನ್ನುವವರಿಗೆ ಒಂದೇ ಕ್ರಮ ಹೇಳುತ್ತೇನೆ. ಒಡ್ಡು ಮೇಲಿನಿಂದ ಹಾಕುತ್ತ ಬನ್ನಿ, ಆದರೆ ಕೋಡಿಯ ಮಾತು ಕೆಳಗಿನ ಹೊಲದವರ ಜೊತೆ ಮೊದಲೇ ಮುಗಿಸಿ. ಕಲ್ಲು ಕೂರಿಸುವ ಕೆಲಸವೂ ಒಡ್ಡಿಗಿಂತ ಮುಂಚೆ ಆಗಬೇಕು. ಹಸಿ ಒಡ್ಡಿಗೆ ಮೊದಲ ಮಳೆಗೇ ಬಾಯಿ ಬೇಕಾಗುತ್ತದೆ. ಲಾವಂಚದ ಬುಡ ಮಾತ್ರ ನೆಲ ಚೆನ್ನಾಗಿ ನೆನೆದ ಮೇಲೆ ಹಚ್ಚಿ.