ಮಳೆ ನೋಡಿ ಬಣವೆ ಒಟ್ಟುವ ಬಗೆ

ಕೊಪ್ಪಳದ ಎರೆ (ಕಪ್ಪು ಮಣ್ಣಿನ) ಹೊಲಗಳಿಗೆ ವರ್ಷದಲ್ಲಿ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸಿನದು. ರಾಯಚೂರು, ಬಳ್ಳಾರಿಯವರ ಪಾಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ದನ ಕಟ್ಟಿದ ಮನೆಗೆ ಈ ಒಟ್ಟು ಅಂಕಿಯಿಂದ ಆಗುವ ಉಪಯೋಗ ಕಡಿಮೆ. ಜೂನ್ ತಿಂಗಳ ಮಿರಗದಿಂದ ಅಕ್ಟೋಬರ್ ಕೊನೆಯ ಸ್ವಾತಿಯವರೆಗೆ ಹದವಾಗಿ ಹಂಚಿಬಿದ್ದ ಮಳೆ ಕಣ ತುಂಬ ಮೇವು ಕೊಡುತ್ತದೆ. ಅಷ್ಟೇ ಮಳೆ ಆಗಸ್ಟಿನ ಆಶ್ಲೇಷ, ಮಘೆಗಳಲ್ಲಿ ಕೈಕೊಟ್ಟು, ಕಿತ್ತ ಶೇಂಗಾ ಬಳ್ಳಿ ಹೊಲದಲ್ಲಿ ಹರವಿದ್ದಾಗ ಅಕ್ಟೋಬರಿನ ಚಿತ್ತಿಯಲ್ಲಿ ಸುರಿದರೆ, ಕಾಗದದ ಮೇಲೆ ಅದು ಒಳ್ಳೆಯ ಮಳೆಯ ವರ್ಷವಾಗಿಯೇ ಉಳಿಯುತ್ತದೆ, ಗೋದಲಿ ಮಾತ್ರ ಬೇಸಿಗೆಗೆ ಮೊದಲೇ ಬರಿದಾಗುತ್ತದೆ. ಆದ್ದರಿಂದ ಮಳೆ ಎಷ್ಟು ಬಿತ್ತು ಎಂಬುದರ ಜೊತೆಗೆ ಯಾವಾಗ ಬಿತ್ತು, ಆಗ ಮೇವು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ಬರೆದಿಡುವ ಅಭ್ಯಾಸ ಮಾಡಿಕೊಳ್ಳಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವೆಯಾದರೂ, ಊರ ಮುಂದೆ ಬಿದ್ದ ಮಳೆ ಊರ ಹಿಂದಿನ ಹೊಲಕ್ಕೆ ಬೀಳದ ಸೀಮೆ ನಮ್ಮದು. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ, ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯಲ್ಲಿ ನಿಂತ ನೀರನ್ನು ಸ್ಕೇಲು ಹಿಡಿದು ಅಳೆದರೆ ನಮ್ಮ ಹೊಲದ ಲೆಕ್ಕ ನಮಗೆ ಸಿಗುತ್ತದೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು ಎಂಬುದು ನೆನಪಿರಲಿ.

ಮೊದಲು ಮಾಡಬೇಕಾದದ್ದು ಬೇಕಾಗುವ ಮೇವಿನ ಲೆಕ್ಕ; ಇದನ್ನು ದೀಪಾವಳಿಯ ಹೊತ್ತಿಗೇ ಮಾಡಿ ಮುಗಿಸಬೇಕು. ದನಕ್ಕೆ ದಿನಕ್ಕೆ ಅದರ ಮೈತೂಕದ ನೂರಕ್ಕೆ ಎರಡರಿಂದ ಎರಡೂವರೆ ಪಾಲು, ಹಿಂಡುವ ಎಮ್ಮೆಗೆ ಮೂರು ಪಾಲಿನವರೆಗೆ ಒಣ ಆಹಾರ ಬೇಕು. 350 ಕಿಲೊ ತೂಗುವ ಎತ್ತಿಗೆ 8 ಕಿಲೊ, ಎಮ್ಮೆಗೆ 12 ಕಿಲೊ ಎಂದು ಹಿಡಿದರೆ, ಒಂದು ಜೋಡೆತ್ತು, ಒಂದು ಎಮ್ಮೆ ಇರುವ ಮನೆಗೆ ದಿನಕ್ಕೆ 28 ಕಿಲೊ ಆಗುತ್ತದೆ. ಫೆಬ್ರವರಿಯಿಂದ ಜುಲೈ ಕೊನೆಯವರೆಗಿನ 180 ದಿನಗಳಿಗೆ ಇದು 50 ಕ್ವಿಂಟಲ್ ಮುಟ್ಟುತ್ತದೆ. ತುಳಿದು ಹಾಳಾಗುವುದನ್ನೂ ಸೇರಿಸಿ 55 ಎಂದುಕೊಳ್ಳುವುದು ಕ್ಷೇಮ. ಬಣವೆಯನ್ನು ಕಣ್ಣಳತೆಯಲ್ಲಿ ನೋಡಿ ‘ಸಾಕಾಗುತ್ತದೆ’ ಎನ್ನುವವರಲ್ಲಿ ಬಹುಪಾಲು ಜನ ಯುಗಾದಿ ದಾಟಿದ ಮೇಲೆ ಮೇವಿನ ಗಾಡಿ ಹುಡುಕಿಕೊಂಡು ಹೊರಟಿರುತ್ತಾರೆ. ಹತ್ತು ಸಿವುಡು (ಕಟ್ಟು) ಜೋಳದ ಸೊಪ್ಪೆಯನ್ನು, ಅಂದರೆ ಒಣ ದಂಟನ್ನು, ತಕ್ಕಡಿಗೆ ಹಾಕಿ, ಒಂದು ಸಿವುಡಿನ ಸರಾಸರಿ ತೂಕ ತೆಗೆದು, ಒಟ್ಟುವಾಗಲೇ ಸಿವುಡುಗಳನ್ನು ಎಣಿಸಿದರೆ ಈ ತಪ್ಪು ಆಗುವುದಿಲ್ಲ.

ಎರಡನೆಯದು, ಮೇವಿಗಾಗಿ ಎರಡು ಸೀಮೆಯ ಮಳೆಯನ್ನು ನೋಡಬೇಕು. ಹಿಂಗಾರಿ ಜೋಳದ ಸೊಪ್ಪೆ ನಮ್ಮದೇ ಮಳೆಯ ಮೇಲೆ ನಿಂತದ್ದು: ಉತ್ತರೆಯಿಂದ ಹಸ್ತದವರೆಗೆ ಬಿತ್ತುವ ಮಾಲದಂಡಿ ತಳಿಯ ಜೋಳ ಎರೆಯ ಒಡಲಲ್ಲಿ ಉಳಿದ ತೇವದಿಂದಲೇ ಬೆಳೆಯುವುದರಿಂದ, ಸೆಪ್ಟೆಂಬರ್ ಮಳೆ ಭೂಮಿಯನ್ನು ಎಷ್ಟು ಆಳಕ್ಕೆ ನೆನೆಸಿತು ಎಂಬುದೇ ಸೊಪ್ಪೆಯ ಎತ್ತರವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಆದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯಿಂದ ಬರುವ ಭತ್ತದ ಹುಲ್ಲಿನ ಹಣೆಬರಹ ಶಿವಮೊಗ್ಗ, ಚಿಕ್ಕಮಗಳೂರು ಸೀಮೆಯ ಮಳೆಯಲ್ಲಿದೆ. ತುಂಗಭದ್ರಾ ಜಲಾಶಯ ತುಂಬದಿದ್ದರೆ ಎರಡನೇ ಬೆಳೆಗೆ ನೀರಿಲ್ಲ, ಎರಡನೇ ಬೆಳೆ ಇಲ್ಲದಿದ್ದರೆ ಬೇಸಿಗೆಯಲ್ಲಿ ಹೊಸ ಹುಲ್ಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಈ ಎರಡೂ ಮಳೆ ಒಟ್ಟಿಗೇ ಸೋತಿದ್ದವು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯವೂ ಮೇವಿಗೆ ಪೂರ್ತಿ ಭರವಸೆಯಲ್ಲ ಎಂದು ತಿಳಿಯಿತು. ಹೀಗಾಗಿ ಹುಲ್ಲು ಕೊಳ್ಳುವವರು ಏಪ್ರಿಲ್‌ವರೆಗೆ ಕಾಯದೆ, ಮುಂಗಾರಿ ಭತ್ತ ಕೊಯ್ಲಾಗುವ ನವೆಂಬರ್, ಡಿಸೆಂಬರಿನಲ್ಲಿಯೇ ಕೊಂಡುಬಿಡುವುದು ಲೇಸು. ಯಂತ್ರದಿಂದ ಕೊಯ್ದ ಗದ್ದೆಯ ಹುಲ್ಲು ನೆಲದ ತೇವವನ್ನು ಹೀರಿಕೊಂಡಿರುತ್ತದೆ. ಸುತ್ತಿದ ಹುಲ್ಲಿನ ಸುರುಳಿಯ ನಡುವಿಗೆ ಕೈ ಹಾಕಿ ನೋಡದೆ ದುಡ್ಡು ಕೊಡಬಾರದು.

ಇನ್ನು ಕೊಯ್ದ ಮೇವಿನ ಮೇಲೆ ಬೀಳುವ ಮಳೆಯ ವಿಷಯ. ಹಸಿಯಾಗಿ ಒಟ್ಟಿದ ಮೇವು ಒಳಗೊಳಗೇ ಕಾಯುತ್ತದೆ, ಬೂಸಲು ಹಿಡಿಯುತ್ತದೆ, ಕೆಲವೊಮ್ಮೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಬಣವೆಗೆ ಹೋಗುವ ಮೇವಿನಲ್ಲಿ ತೇವ ನೂರಕ್ಕೆ 15 ಪಾಲಿಗಿಂತ ಹೆಚ್ಚಿರಬಾರದು. ಅದನ್ನು ತಿಳಿಯಲು ಯಂತ್ರ ಬೇಕಿಲ್ಲ: ಸೊಪ್ಪೆಯ ದಂಟಿನ ಗಿಣ್ಣನ್ನು ಉಗುರಿನಿಂದ ಕೆರೆದಾಗ ಪಸೆ ಕಾಣದಿದ್ದರೆ, ದಂಟನ್ನು ಬಗ್ಗಿಸಿದಾಗ ಲಟಕ್ಕನೆ ಮುರಿದರೆ ಒಣಗಿದೆ ಎಂದರ್ಥ. ಎಲೆ ಗರಿಗರಿಯಾಗಿದ್ದರೂ ಗಿಣ್ಣಿನಲ್ಲಿ ನೀರಿರುತ್ತದೆ, ಮೋಸಹೋಗುವುದು ಇಲ್ಲಿಯೇ. ಒಂದು ವರ್ಷ ಹಸ್ತದ ಮಳೆಗೆ ತೊಯ್ದ ಶೇಂಗಾ ಬಳ್ಳಿಯನ್ನು ಎರಡು ದಿನದ ಬಿಸಿಲು ಸಾಕೆಂದು ನಾನು ಒಟ್ಟಿದ್ದೆ. ಹದಿನೈದು ದಿನಕ್ಕೆ ಬಣವೆಯಿಂದ ಹೊಗೆಸೊಪ್ಪಿನಂಥ ವಾಸನೆ ಬಂತು. ಬಿಚ್ಚಿದಾಗ ಹೊರಗಿನ ಒಂದು ಮೊಳ ಹೊಂಬಣ್ಣ, ಒಳಗೆಲ್ಲ ಇದ್ದಲಿನ ಹಾಗೆ ಕಪ್ಪು. ದುಡ್ಡಿನ ಆಸೆಗೆ ಅದನ್ನು ದನಕ್ಕೆ ಹಾಕದಿದ್ದುದೊಂದೇ ಆ ವರ್ಷ ನಾನು ಮಾಡಿದ ಜಾಣತನ. ಬೂಸಲು ಹಿಡಿದ ಶೇಂಗಾ ಮೇವಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ದನದ ಯಕೃತ್ತನ್ನು ಕೆಡಿಸುವುದಲ್ಲದೆ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ.

ಒಟ್ಟುವ ಜಾಗ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿರಬೇಕು, ಮೇಲೆ ವಿದ್ಯುತ್ ತಂತಿ ಹಾದಿರಬಾರದು. ಎರೆ ನೆಲವು ವಾರಗಟ್ಟಲೆ ತೇವ ಬಿಡದ ಕಾರಣ, ಕಲ್ಲು ಹಾಸಿ ಅದರ ಮೇಲೆ ಹತ್ತಿಕಟ್ಟಿಗೆಯನ್ನೋ ತೊಗರಿಕಟ್ಟಿಗೆಯನ್ನೋ ಹರಡಿಯೇ ಮೊದಲ ಸಾಲು ಇಡಬೇಕು. ಸಿವುಡುಗಳ ಬುಡ ಹೊರಗೆ, ತುದಿ ಒಳಗೆ ಬರುವಂತೆ ಇಟ್ಟು, ನಡುಭಾಗವನ್ನು ಸದಾ ಅಂಚಿಗಿಂತ ಎತ್ತರಿಸುತ್ತ ಹೋದರೆ ಬುಡಗಳು ಹೊರಕ್ಕೆ ಇಳಿಜಾರಾಗಿ ನಿಂತು, ಬಿದ್ದ ನೀರು ಒಳಗೆ ಹೋಗದೆ ಹೊರಗೆ ಜಾರುತ್ತದೆ. ನಮ್ಮ ಹಿರಿಯರು ಒಟ್ಟಿದ ಬಣವೆಗಳು ಎರಡು ವರ್ಷ ನಿಲ್ಲುತ್ತಿದ್ದುದರ ಗುಟ್ಟು ಈ ಇಳಿಜಾರಿನಲ್ಲಿತ್ತು. ತಾಡಪತ್ರಿಯನ್ನು ನೆತ್ತಿಗೆ ಮಾತ್ರ ಹೊದಿಸಿ ಪಕ್ಕಗಳನ್ನು ಗಾಳಿಗೆ ಬಿಡಬೇಕು. ಬುಡದವರೆಗೆ ಮುಚ್ಚಿದರೆ ಒಳಗಿನ ಉಗಿ ಅಲ್ಲೇ ನೀರಾಗಿ ಮೇವನ್ನು ಕೊಳೆಸುತ್ತದೆ. ಅನುಮಾನವಿದ್ದರೆ ಕಬ್ಬಿಣದ ಉದ್ದನೆಯ ಸರಳೊಂದನ್ನು ಬಣವೆಯ ನಡುವಿಗೆ ತೂರಿಸಿ, ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ದಿನವೂ ಪರೀಕ್ಷಿಸುತ್ತಿರಬೇಕು. ಹಿಡಿಯಲಾರದಷ್ಟು ಬಿಸಿಯಾಗಿದ್ದರೆ ನೀರು ಹತ್ತಿರವಿಟ್ಟುಕೊಂಡೇ ಬಣವೆ ಬಿಚ್ಚಬೇಕು, ಏಕೆಂದರೆ ಗಾಳಿ ತಾಗಿದ ಕ್ಷಣ ಬೆಂಕಿ ಏಳಬಹುದು.

ತೊಯ್ದು ಬಣ್ಣಗೆಟ್ಟರೂ ಬೂಸಲು ಹಿಡಿಯದ ಹುಲ್ಲನ್ನು ಒಣಗಿಸಿ ಯೂರಿಯಾ ಉಪಚಾರ ಮಾಡಬಹುದು: 100 ಕಿಲೊ ಒಣ ಹುಲ್ಲಿಗೆ 4 ಕಿಲೊ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತಿನ್ನಿಸುವ ಮೊದಲು ಸ್ವಲ್ಪ ಹೊತ್ತು ಹರವಿ ಘಾಟು ಬಿಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಲೇಬಾರದು, ಯೂರಿಯಾ ಕಲಸಿದ ನೀರಿನ ಹತ್ತಿರಕ್ಕೆ ಯಾವ ದನವನ್ನೂ ಬಿಡಬಾರದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಬರದ ನಂತರ ಬೀಳುವ ಮಳೆಗೆ. ಮಳೆ ತಪ್ಪಿ ಬಾಡಿ ಗಿಡ್ಡಗೆ ನಿಂತ ಜೋಳದಲ್ಲಿಯೂ, ಮತ್ತೆ ಮಳೆ ಬಿದ್ದಾಗ ಅದರ ಬುಡದಿಂದ ಒಡೆಯುವ ಎಳೆ ಚಿಗುರಿನಲ್ಲಿಯೂ, ಕೊಯ್ದ ಕೂಳೆಯ ಚಿಗುರಿನಲ್ಲಿಯೂ ದನದ ಹೊಟ್ಟೆಯಲ್ಲಿ ಸಯನೈಡ್ ಆಗಿ ಮಾರ್ಪಡುವ ಅಂಶ ತುಂಬಿರುತ್ತದೆ. ತಿಂಗಳುಗಟ್ಟಲೆ ಒಣ ಹುಲ್ಲು ಅಗಿದ ದನ ಹಸಿರು ಕಂಡೊಡನೆ ಹಗ್ಗ ಹರಿದುಕೊಂಡು ನುಗ್ಗುತ್ತದೆ, ಬಾಯಿತುಂಬ ತಿನ್ನುತ್ತದೆ. ನಿಮಿಷಗಳಲ್ಲಿ ತೇಕು, ಬಾಯಲ್ಲಿ ನೊರೆ, ಮೈನಡುಕ ಕಾಣಿಸಿಕೊಂಡು ಕುಸಿಯುತ್ತದೆ. ಆಗ ಕಣ್ಣಿನ ಒಳರೆಪ್ಪೆ, ಒಸಡು ಕಡುಗೆಂಪಾಗಿರುವುದು ಇದರ ಗುರುತು. ಪಶುವೈದ್ಯರು ರಕ್ತನಾಳಕ್ಕೆ ಕೊಡುವ ಸೋಡಿಯಂ ಥಯೋಸಲ್ಫೇಟ್ ಸಕಾಲಕ್ಕೆ ಸಿಕ್ಕರೆ ಬದುಕುತ್ತದೆ, ಆದರೆ ಹಳ್ಳಿಯಿಂದ ಕರೆ ಹೋಗಿ ವೈದ್ಯರು ಬರುವಷ್ಟು ಹೊತ್ತನ್ನು ಈ ವಿಷ ಬಹಳ ಸಲ ಕೊಡುವುದಿಲ್ಲ. ಹಾಗಾಗಿ 50 ದಿನ ತುಂಬದ ಜೋಳಕ್ಕೆ, ಬಾಡಿದ ಜೋಳಕ್ಕೆ ದನ ಬಿಡಬಾರದು. ಬರ ಮುರಿದ ಮಳೆಯಾದ ಮೇಲೆ ಕನಿಷ್ಠ ಎರಡು ವಾರ ಕಾಯಬೇಕು. ಬೆಳೆ ಕೈಗೆ ಹತ್ತುವುದಿಲ್ಲವೆಂದು ಖಚಿತವಾದರೆ ಕೊಯ್ದು ಚೆನ್ನಾಗಿ ಒಣಗಿಸಿ ಹಾಕಬೇಕು, ಒಣಗಿದಂತೆ ಈ ವಿಷದ ಬಹುಭಾಗ ಆರಿಹೋಗುತ್ತದೆ. ಎಷ್ಟೋ ಸಲ ಸಾಯುವುದು ಪಕ್ಕದ ಹೊಲಕ್ಕೆ ನುಗ್ಗಿದ ದನ. ಆದ್ದರಿಂದ ಮಳೆ ನಿಂತ ಮರುದಿನ ಬೆಳಿಗ್ಗೆ, ಬಯಲಿಗೆ ಬಿಡುವ ಮುನ್ನ ಅರ್ಧ ಹೊಟ್ಟೆ ಒಣಮೇವು ತಿನ್ನಿಸಿಯೇ ಬಿಡಬೇಕು. ಎಳೆ ಹುಲ್ಲಿನಿಂದ ಆಗುವ ಹೊಟ್ಟೆಯುಬ್ಬರಕ್ಕೂ ಇದೇ ತಡೆ.

ಲಸಿಕೆಗಳ ಮಾತು ಚಿಕ್ಕದು. ಚಪ್ಪೆ ಬೇನೆ, ಗಳಲೆ ರೋಗಗಳ ಲಸಿಕೆಯನ್ನು, ಕುರಿಗಳಿದ್ದರೆ ಕರುಳು ಬೇನೆಯದನ್ನೂ, ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿಯೇ ಹಾಕಿಸಬೇಕು. ಲಸಿಕೆ ಮೈಗೆ ಹತ್ತಲು ಎರಡು, ಮೂರು ವಾರ ಹಿಡಿಯುತ್ತದೆ. ಕಾಲುವೆ ಬದಿಯ, ಗದ್ದೆಯ ನಿಂತ ನೀರು ಕುಡಿಯುವ ದನಗಳಿಗೆ ಜಂತಿನ ಔಷಧವನ್ನು ವೈದ್ಯರು ಹೇಳಿದ ಅಳತೆಯಲ್ಲಿ ಕೊಡಿಸಬೇಕು. ಬರೀ ಭತ್ತದ ಹುಲ್ಲಿನ ಮೇಲೆ ಬೇಸಿಗೆ ಕಳೆಯುವ ಎಮ್ಮೆಗೆ ಸುಣ್ಣದಂಶ ಕೊರತೆಯಾಗುವುದರಿಂದ ದಿನವೂ ಖನಿಜ ಮಿಶ್ರಣ ಹಾಕಬೇಕು.

ಕೊನೆಯದಾಗಿ, ಕಾರ ಹುಣ್ಣಿಮೆಗೆ ಎತ್ತಿಗೆ ಬಣ್ಣ ಹಚ್ಚುವ ದಿನ ಬಣವೆಯಲ್ಲಿ ಉಳಿದ ಸಿವುಡುಗಳನ್ನು ಮತ್ತೊಮ್ಮೆ ಎಣಿಸಬೇಕು. ಎರಡು ತಿಂಗಳಿಗಾಗುವಷ್ಟು ಇಲ್ಲದಿದ್ದರೆ, ಮುಂಗಾರಿ ಬಿತ್ತನೆಯಲ್ಲಿ ಹತ್ತು ಗುಂಟೆಯನ್ನಾದರೂ ಮೇವಿನ ಸಜ್ಜೆಗೋ ಮುಸುಕಿನ ಜೋಳಕ್ಕೋ ಎತ್ತಿಡಬೇಕು.