ಆಸ್ಟ್ರೇಲಿಯಾದಲ್ಲಿ ಸ್ಕಿನ್ ಚೆಕ್: ಸಾಕ್ಸ್ ಬಿಚ್ಚಿ ಕೂತುಕೊಳ್ಳಿ

ಆಸ್ಟ್ರೇಲಿಯಾಕ್ಕೆ ಬಂದು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮೆಲನೋಮಾ ಎಂಬ ಪದ ಕಿವಿಗೆ ಬಿದ್ದೇ ಬೀಳುತ್ತದೆ. ಮಕ್ಕಳು ಟೋಪಿ ಮರೆತರೆ ಶಾಲೆಯಲ್ಲಿ ಬಿಸಿಲಿಗೆ ಬಿಡುವುದಿಲ್ಲ. ಸಹೋದ್ಯೋಗಿ ಸ್ಕಿನ್ ಚೆಕ್‌ಗೆಂದು ಅರ್ಧ ದಿನ ರಜೆ ಹಾಕುತ್ತಾನೆ. ಲೋಕದಲ್ಲಿ ಈ ಚರ್ಮದ ಕ್ಯಾನ್ಸರ್ ಅತಿ ಹೆಚ್ಚು ಕಾಣುವುದು ಈ ದೇಶದಲ್ಲಿ ಮತ್ತು ಪಕ್ಕದ ನ್ಯೂಜಿಲೆಂಡ್‌ನಲ್ಲಿ. ನಮ್ಮವರಲ್ಲಿ ಕೆಲವರು 'ನಮ್ಮ ಬಣ್ಣಕ್ಕೆ ಇದೆಲ್ಲ ಬರಲ್ಲ ಬಿಡಿ' ಅನ್ನುತ್ತಾರೆ. ಇನ್ನು ಕೆಲವರು ಬೆನ್ನಿನ ಹುಟ್ಟುಮಚ್ಚೆಗೆಲ್ಲ ಹೆದರಿ ದುಡ್ಡು ಕಳೆಯುತ್ತಾರೆ. ನೋಡಬೇಕಾದ ಜಾಗವನ್ನು ಇಬ್ಬರೂ ನೋಡುತ್ತಿಲ್ಲ. ನಮ್ಮ ಬಣ್ಣದವರಿಗೆ ಮೆಲನೋಮಾ ಅಪರೂಪ ಎಂಬುದು ನಿಜ. ಆದರೆ ಬಂದಾಗ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ ಅಥವಾ ಉಗುರಿನ ಅಡಿಯಲ್ಲಿ. ಇದಕ್ಕೆ ಏಕ್ರಲ್ ಮೆಲನೋಮಾ ಎನ್ನುತ್ತಾರೆ. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿಯ ಕ್ಯಾನ್ಸರ್ ಶುರುವಾದದ್ದು ಕಾಲ್ಬೆರಳಿನ ಉಗುರಿನ ಅಡಿಯಲ್ಲೇ.

ಚರ್ಮಕ್ಕೆ ಬಣ್ಣ ಕೊಡುವ ಕೋಶದ ಹೆಸರು ಮೆಲನೋಸೈಟ್. ಬೆಳ್ಳಗಿನವರಲ್ಲಿ ಇವು ಕಡಿಮೆ, ನಮ್ಮಲ್ಲಿ ಹೆಚ್ಚು ಎಂದು ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಸಂಖ್ಯೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುವ ಮೆಲನಿನ್ ಎಂಬ ಬಣ್ಣದ ಪೊಟ್ಟಣಗಳು ನಮ್ಮಲ್ಲಿ ದೊಡ್ಡವು, ಹೆಚ್ಚು ಗಾಢ. ಈ ಪೊಟ್ಟಣಗಳು ಕೋಶದ ಡಿಎನ್‌ಎ ಮೇಲೆ ಛತ್ರಿ ಹಿಡಿದಂತೆ ಕೂತು ಬಿಸಿಲಿನ ಯುವಿ (ನೇರಳಾತೀತ) ಕಿರಣವನ್ನು ತಡೆಯುತ್ತವೆ. ಬಿಸಿಲಿನಿಂದ ಬರುವ ಮೆಲನೋಮಾ ನಮ್ಮಲ್ಲಿ ಕಡಿಮೆಯಿರುವುದು ಇದರಿಂದ. ಆದರೆ ಬಿಸಿಲೇ ಕಾರಣವಲ್ಲದ ಕಡೆ ಛತ್ರಿಯಿಂದೇನು ಪ್ರಯೋಜನ? ಆಸ್ಟ್ರೇಲಿಯಾದ ಸಂಶೋಧಕರು 183 ಮೆಲನೋಮಾಗಳ ಪೂರ್ತಿ ಜೀನೋಮ್ ಓದಿ 2017ರಲ್ಲಿ ಪ್ರಕಟಿಸಿದರು. ಬಿಸಿಲು ಬೀಳುವ ಚರ್ಮದ ಗಡ್ಡೆಗಳಲ್ಲಿ ಯುವಿ ಕಿರಣದ ಗುರುತು ಎದ್ದು ಕಂಡರೆ, ಅಂಗಾಲು ಅಂಗೈಯ ಗಡ್ಡೆಗಳಲ್ಲಿ ಹೆಚ್ಚಾಗಿ ಕಂಡದ್ದು ಕ್ರೋಮೋಸೋಮುಗಳೇ ತುಂಡಾಗಿ ಅದಲುಬದಲಾದ ಗುರುತು. ಅಂದರೆ ಸನ್‌ಸ್ಕ್ರೀನ್ ಹಚ್ಚಿದ ಮಾತ್ರಕ್ಕೆ ಈ ಬಗೆಯದು ತಪ್ಪುವುದಿಲ್ಲ. ಬೇಗ ಕಂಡುಹಿಡಿಯುವುದೊಂದೇ ದಾರಿ. (ಸನ್‌ಸ್ಕ್ರೀನ್ ವಿಷಯದಲ್ಲಿ ಇಲ್ಲಿನ ತಜ್ಞರೇ 2024ರಲ್ಲಿ ಚರ್ಮದ ಬಣ್ಣ ನೋಡಿ ಸಲಹೆಯನ್ನು ಬೇರೆ ಬೇರೆ ಮಾಡಿದ್ದಾರೆ. ತೀರಾ ಗಾಢ ಬಣ್ಣದವರು ದಿನವೂ ಹಚ್ಚಬೇಕಿಲ್ಲ, ಬಿಸಿಲಲ್ಲಿ ಎರಡು ಗಂಟೆ ಮೀರಿ ಇರುವ ದಿನ ಹಚ್ಚಿದರೆ ಸಾಕು. ಏಕೆಂದರೆ ಬಿಸಿಲಿನಿಂದ ಸಿಗುವ ವಿಟಮಿನ್ ಡಿಯ ಕೊರತೆ ನಮ್ಮವರಿಗೆ ದೊಡ್ಡ ತಲೆನೋವು.)

ಮನೆಯಲ್ಲಿ ಏನು ನೋಡಬೇಕು

ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಕಾಲು ಮಡಚಿ ಕೂತು ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಿ. ವಯಸ್ಸಾದ ಅಪ್ಪ ಅಮ್ಮನಿಗೆ ಬಗ್ಗಲಾಗದಿದ್ದರೆ ನೀವೇ ನೋಡಿ, ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ ಡಾಕ್ಟರ ಮುಂದೆ ಹತ್ತು ಮಾತಿಗೆ ಸಮ.

ಉಗುರಿನ ಉದ್ದಕ್ಕೂ ಕಪ್ಪು ಗೆರೆ ನಮ್ಮ ಬಣ್ಣದವರಲ್ಲಿ ಮಾಮೂಲು. ನಾಲ್ಕಾರು ಉಗುರುಗಳಲ್ಲಿ, ವರ್ಷಗಳಿಂದ ಒಂದೇ ಥರ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದ, 3 ಮಿಲಿಮೀಟರಿಗಿಂತ ಅಗಲದ, ಬುಡದ ಕಡೆ ಇನ್ನೂ ಅಗಲವಾಗುವ ಗೆರೆಯನ್ನು ತೋರಿಸಲೇಬೇಕು. ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೆ ಹರಡಿದ್ದರೆ ಕಾಯಬೇಡಿ. ಏಟು ಬಿದ್ದು ರಕ್ತ ಕಟ್ಟಿದ್ದಾದರೆ ಕಲೆ ಉಗುರಿನ ಜೊತೆಗೇ ಮುಂದೆ ಸರಿಯುತ್ತದೆ, ಬುಡದಲ್ಲಿ ಶುಭ್ರ ಉಗುರು ಹುಟ್ಟುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಕಾಲುಗುರು ಅದರ ಅರ್ಧದಷ್ಟೇ ಬೆಳೆಯುವುದು. ಆದ್ದರಿಂದ ಎರಡು ತಿಂಗಳ ಅಂತರದ ಎರಡು ಫೋಟೋ ಇಟ್ಟರೆ ವ್ಯತ್ಯಾಸ ತಿಳಿದುಹೋಗುತ್ತದೆ. ಅಂಗಾಲಿನಲ್ಲಿ ಆಣಿ, ನರಹುಲಿ, ವಾಸಿಯಾಗದ ಹುಣ್ಣು ಎಂದುಕೊಂಡದ್ದೇ ಕೆಲವೊಮ್ಮೆ ಮೆಲನೋಮಾ ಆಗಿರುತ್ತದೆ. ಈ ಗಡ್ಡೆ ಕಪ್ಪಗೇ ಇರಬೇಕೆಂದಿಲ್ಲ, ಕೆಂಪಗೂ ಇರಬಹುದು. ಫಾರ್ಮಸಿಯ ನರಹುಲಿ ಔಷಧಿ ಹಚ್ಚಿ ತಿಂಗಳುಗಟ್ಟಲೆ ಕಾಯುವುದು ನಡೆಯುವ ದೊಡ್ಡ ತಪ್ಪು.

ಯಾರ ಹತ್ತಿರ, ಎಷ್ಟು ಖರ್ಚು

ಮೆಲನೋಮಾಗೆ ಸರ್ಕಾರದಿಂದ ರಾಷ್ಟ್ರಮಟ್ಟದ ತಪಾಸಣೆ ಕಾರ್ಯಕ್ರಮ ಇಲ್ಲಿಲ್ಲ. ಕರುಳಿನ ಕ್ಯಾನ್ಸರ್‌ಗೆ ಬರುವಂತೆ ಮನೆಗೆ ಕರೆಪತ್ರ ಬರುವುದಿಲ್ಲ, ನೀವೇ ಹೋಗಬೇಕು. ಮೊದಲ ಬಾಗಿಲು ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ಊರಲ್ಲಿ ನೇರ ಸ್ಕಿನ್ ಡಾಕ್ಟರ ಹತ್ತಿರ ಹೋಗಿ ರೂಢಿಯಾದವರಿಗೆ ಇದು ಕಿರಿಕಿರಿ. ಆದರೆ ಜಿಪಿ ರೆಫರಲ್ ಇಲ್ಲದೆ ಹೋದರೆ ಡರ್ಮಟಾಲಜಿಸ್ಟ್ ಫೀಸಿಗೆ ಸ್ಪೆಷಲಿಸ್ಟ್ ದರದ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ರಿಬೇಟ್ ಸಿಗುವುದಿಲ್ಲ. ಜಿಪಿ ಕೊಟ್ಟ ರೆಫರಲ್ ಸ್ಪೆಷಲಿಸ್ಟನ್ನು ಮೊದಲು ಕಂಡ ದಿನದಿಂದ 12 ತಿಂಗಳು ನಡೆಯುತ್ತದೆ. ಬೀದಿಯಲ್ಲಿ ಕಾಣುವ 'ಸ್ಕಿನ್ ಕ್ಯಾನ್ಸರ್ ಕ್ಲಿನಿಕ್'ಗಳಲ್ಲಿ ಇರುವವರು ಹೆಚ್ಚಿನವರು ಆ ಕೆಲಸದಲ್ಲಿ ಪಳಗಿದ ಜಿಪಿಗಳು, ಡರ್ಮಟಾಲಜಿಸ್ಟ್‌ಗಳಲ್ಲ. ರೆಫರಲ್ ಬೇಡ, ಬೇಗ ಸಿಗುತ್ತಾರೆ. ಉಗುರಿನ ವಿಷಯಕ್ಕೆ ಮಾತ್ರ ಡರ್ಮಟಾಲಜಿಸ್ಟ್ ಒಳ್ಳೆಯದು.

ಪಿಆರ್ (ಕಾಯಂ ನಿವಾಸ) ಇದ್ದರೆ ಮೆಡಿಕೇರ್ ಇರುತ್ತದೆ. ವಿದ್ಯಾರ್ಥಿ ವೀಸಾ, 482 ಎಂಬ ಕೆಲಸದ ವೀಸಾದವರಿಗೆ ಖಾಸಗಿ ವಿಮೆಯೇ ಗತಿ, ಏಕೆಂದರೆ ಭಾರತದ ಜೊತೆ ಪರಸ್ಪರ ಆರೋಗ್ಯ ಒಪ್ಪಂದವಿಲ್ಲ. ಆ ವಿಮೆಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ 12 ತಿಂಗಳ ಕಾಯುವಿಕೆ ಇರುತ್ತದೆ. ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮನ ಅಂಗಾಲನ್ನು ಊರಲ್ಲೇ ತೋರಿಸಿಕೊಂಡು ಬರುವುದು ಜಾಣತನ.

ಅಪಾಯಿಂಟ್‌ಮೆಂಟಿಗೆ ಉಗುರುಬಣ್ಣ ತೆಗೆದು ಹೋಗಿ, ಕಾಲುಂಗುರ ಬಿಚ್ಚಿ. ಅಂಗೈ ಅಂಗಾಲಿಗೆ ಮೆಹಂದಿ ಹಾಕಿದ್ದರೆ ಅದು ಪೂರ್ತಿ ಹೋಗುವವರೆಗೆ ದಿನ ಮುಂದೂಡಿ. ಮದುವೆ ಮರುವಾರ ಹೋದರೆ ಡಾಕ್ಟರಿಗೆ ಕಾಣುವುದು ಮೆಹಂದಿಯೇ. ಒಳಗೆ ಹೋದ ಮೇಲೆ ಮುಖ್ಯ ಕೆಲಸವೆಂದರೆ ಸಾಕ್ಸ್ ಬಿಚ್ಚುವುದು. ಇಲ್ಲಿನ ಕಣ್ಣು ಬಿಸಿಲು ಬಿದ್ದ ಬೆನ್ನು, ಮುಖ, ತೋಳುಗಳಿಗೆ ಪಳಗಿದ್ದು, ಅಂಗಾಲು ತಪ್ಪಿಹೋಗಬಹುದು. 'ಅಂಗಾಲು, ಉಗುರು ನೋಡಿ' ಎಂದು ಬಾಯಿಬಿಟ್ಟು ಕೇಳಿ.

ಡಾಕ್ಟರು ಡರ್ಮಟೋಸ್ಕೋಪ್ ಎಂಬ ದೀಪವಿರುವ ಮಸೂರವನ್ನು ಚರ್ಮಕ್ಕೆ ತಾಗಿಸುತ್ತಾರೆ. ಅಂಗಾಲಿನ ಚರ್ಮ ಉತ್ತ ಹೊಲದ ಹಾಗೆ, ಏರಾದ ಬೋದು, ತಗ್ಗಾದ ಸಾಲು. ಬೋದಿನ ನೆತ್ತಿಯಲ್ಲಿ ಬೆವರಿನ ರಂಧ್ರಗಳು ಬಿಳಿ ಚುಕ್ಕಿಗಳಂತೆ ಸಾಲಾಗಿ ಕಾಣುತ್ತವೆ. ಸಾಧಾರಣ ಮಚ್ಚೆಯ ಬಣ್ಣ ಸಾಲಿನಲ್ಲಿ ಇಳಿದಿರುತ್ತದೆ. ಬಣ್ಣ ಬೋದಿನ ಮೇಲೆ ಅಗಲವಾಗಿ ಏರಿ, ಬಿಳಿ ಚುಕ್ಕಿಗಳನ್ನು ಸುತ್ತುವರಿದಿದ್ದರೆ ಬಯಾಪ್ಸಿ. ಜಪಾನಿನ ವೈದ್ಯರು ಗುರುತಿಸಿದ ಈ ವ್ಯತ್ಯಾಸ ಎಷ್ಟೋ ಜನರನ್ನು ಬೇಡದ ಕತ್ತರಿಯಿಂದ ಉಳಿಸಿದೆ.

ಬಯಾಪ್ಸಿ, ರಿಪೋರ್ಟ್

ಅನುಮಾನದ ಮಚ್ಚೆಯನ್ನು ಸಾಧ್ಯವಾದಾಗಲೆಲ್ಲ ಸುತ್ತ 2 ಮಿಲಿಮೀಟರ್ ಅಂಚು ಸೇರಿಸಿ ಇಡಿಯಾಗಿ ತೆಗೆಯಬೇಕು. ಸಣ್ಣ ಚೂರು ತೆಗೆದರೆ ಅತಿ ದಪ್ಪ ಭಾಗ ಉಳಿದುಹೋಗಿ ರಿಪೋರ್ಟ್ ದಾರಿ ತಪ್ಪಿಸಬಹುದು. ಉಗುರಿನ ಗೆರೆ ಹುಟ್ಟುವುದು ಬುಡದೊಳಗಿನ ಮೇಟ್ರಿಕ್ಸ್‌ನಲ್ಲಿ, ಅದರಿಂದ ತುದಿಯ ಉಗುರು ಕತ್ತರಿಸಿ ಕಳಿಸಿದ ಮಾತ್ರಕ್ಕೆ ಮೆಲನೋಮಾ ಇಲ್ಲವೆನ್ನಲಾಗದು. ಬಿಲ್ ತಕ್ಷಣ ಬರದಿದ್ದರೆ ಗಾಬರಿ ಬೇಡ. ಲ್ಯಾಬ್ ಉತ್ತರ ನೋಡಿಯೇ ಮೆಡಿಕೇರ್ ಐಟಂ ಸಂಖ್ಯೆ ನಿರ್ಧಾರವಾಗುವುದುಂಟು.

ರಿಪೋರ್ಟಿನಲ್ಲಿ ಮೊದಲು ಹುಡುಕಬೇಕಾದದ್ದು ಬ್ರೆಸ್ಲೋ ದಪ್ಪ, ಅಂದರೆ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬ ಮಿಲಿಮೀಟರ್ ಲೆಕ್ಕ. 'ಇನ್ ಸಿಟು' ಎಂದಿದ್ದರೆ ಮೇಲ್ಪದರದಲ್ಲೇ ಇದೆ. ನಂತರ ಅಲ್ಸರೇಶನ್, ಅಂದರೆ ಗಡ್ಡೆಯ ಮೇಲಿನ ಚರ್ಮ ಒಡೆದದ್ದು, ಇದೆಯೇ ಎಂದು ನೋಡಿ. 'ಎಲ್ಲಾ ತೆಗೆದಿದ್ದೇವೆ ಅಂದರು, ಮತ್ತೆ ಯಾಕೆ ಕೊಯ್ತಾರೆ?' ಎಂದು ಕೇಳುವವರು ಬಹಳ. ಮೊದಲನೆಯದು ಪತ್ತೆಗೆ, ಎರಡನೆಯದು ಸುತ್ತ ಸುರಕ್ಷಿತ ಅಂಚಿಗೆ: ಇನ್ ಸಿಟು ಆದರೆ 5ರಿಂದ 10 ಮಿಲಿಮೀಟರ್, 1 ಮಿಲಿಮೀಟರಿಗಿಂತ ತೆಳುವಾದರೆ 1 ಸೆಂಟಿಮೀಟರ್, 4 ಮಿಲಿಮೀಟರ್ ಮೀರಿದರೆ 2 ಸೆಂಟಿಮೀಟರ್. ದಪ್ಪ 1 ಮಿಲಿಮೀಟರ್ ಮೀರಿದರೆ ಸೆಂಟಿನೆಲ್ ನೋಡ್ ಬಯಾಪ್ಸಿಯ (ಕ್ಯಾನ್ಸರ್ ಮೊದಲು ಹರಡಬಹುದಾದ ದುಗ್ಧಗ್ರಂಥಿಯ ಪರೀಕ್ಷೆ) ಮಾತೂ ಬರುತ್ತದೆ. ಅದನ್ನು ಈ ಎರಡನೇ ಆಪರೇಷನ್ನಿನ ಜೊತೆಗೇ ಮಾಡುವುದರಿಂದ ಮೊದಲೇ ಕೇಳಿಕೊಳ್ಳಿ. ಬಯಾಪ್ಸಿ ಬೆಂಗಳೂರಿನಲ್ಲಿ ಆಗಿದ್ದರೆ ರಿಪೋರ್ಟ್ ಕಾಗದ ಸಾಲದು, ಸ್ಲೈಡ್ ಮತ್ತು ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಗಡ್ಡೆಯ ತುಂಡು) ತರಿಸಿ.

ಮುಂದುವರಿದ ರೋಗಕ್ಕೆ ಬಿಆರ್‌ಎಎಫ್ ಜೀನ್ ಪರೀಕ್ಷೆ ಮಾಡಿಸುತ್ತಾರೆ. 2002ರಲ್ಲಿ ಗೊತ್ತಾದ ಈ ಜೀನಿನ ದೋಷಕ್ಕೆ ಗುರಿಯಿಟ್ಟ ಮಾತ್ರೆಗಳಿವೆ, ಆದರೆ ಏಕ್ರಲ್ ಬಗೆಯಲ್ಲಿ ಅದು ಕಾಣುವುದು ಕಡಿಮೆ. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಇಮ್ಯುನೋಥೆರಪಿಯ ಫಲವೂ ಈ ಬಗೆಯಲ್ಲಿ ಉಳಿದವಕ್ಕಿಂತ ಕಡಿಮೆ. ಆದ್ದರಿಂದ ಏಕ್ರಲ್‌ಗೆ ಬೇರೆ ಟ್ರಯಲ್ (ಹೊಸ ಚಿಕಿತ್ಸೆಯ ಪ್ರಯೋಗ) ಇದೆಯೇ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಇಮ್ಯುನೋಥೆರಪಿ ನಡೆಯುವಾಗ ಮೈಮೇಲೆ ತೊನ್ನಿನಂಥ ಬಿಳಿ ಮಚ್ಚೆ ಬರಬಹುದು. ನಮ್ಮವರು ತೊನ್ನು ಎಂದರೆ ಕ್ಯಾನ್ಸರ್‌ಗಿಂತ ಹೆಚ್ಚು ಬೆದರಿ ಚಿಕಿತ್ಸೆ ಬಿಡುವ ಯೋಚನೆ ಮಾಡುತ್ತಾರೆ. ಅದು ಎಚ್ಚೆತ್ತ ರೋಗನಿರೋಧಕ ಶಕ್ತಿ ಬಣ್ಣದ ಕೋಶಗಳನ್ನು ಹುಡುಕಿ ಹೊಡೆಯುತ್ತಿರುವ ಗುರುತು, ಮತ್ತು ಹಾಗೆ ಬಂದವರಲ್ಲಿ ಚಿಕಿತ್ಸೆಯ ಫಲ ಉತ್ತಮವಾಗಿರುವುದು ಅಧ್ಯಯನಗಳಲ್ಲಿ ಕಂಡಿದೆ. ನಿಜವಾಗಿ ಹೆದರಬೇಕಾದದ್ದು ಭೇದಿಗೆ. ಇದೇ ಚಿಕಿತ್ಸೆ ಕರುಳನ್ನೂ ಕೆರಳಿಸಬಹುದು, ಅದೂ ಔಷಧಿ ನಿಂತ ತಿಂಗಳುಗಳ ನಂತರವೂ. ರಜೆಗೆ ಊರಿಗೆ ಹೋದಾಗ ಭೇದಿಯಾದರೆ ಎಲ್ಲರೂ ಹೊರಗಿನ ತಿಂಡಿಯನ್ನೇ ಬೈದು ಮಜ್ಜಿಗೆ ಕುಡಿಸುತ್ತಾರೆ, ಡಾಕ್ಟರು ಆಂಟಿಬಯೋಟಿಕ್ ಬರೆಯುತ್ತಾರೆ. ಬೇಕಿದ್ದದ್ದು ಸ್ಟೀರಾಯ್ಡ್ ಆಗಿರಬಹುದು. ಹೊರಡುವ ಮೊದಲು ಆಂಕಾಲಜಿಸ್ಟರಿಂದ (ಕ್ಯಾನ್ಸರ್ ಡಾಕ್ಟರಿಂದ) ಔಷಧಿಯ ಹೆಸರು, ಕೊನೆಯ ಡೋಸಿನ ದಿನ, ತುರ್ತು ಫೋನ್ ನಂಬರ್ ಇರುವ ಪತ್ರ ಬರೆಸಿಕೊಂಡು ಪಾಸ್‌ಪೋರ್ಟಿನೊಳಗೆ ಇಡಿ.