ಹಡಗು ಹತ್ತುವ ಮುನ್ನ ಮಕ್ಕಳ ಪಾಸ್‌ಪೋರ್ಟ್ ತೆರೆದು ನೋಡಿ

ಎರಡು ವರ್ಷದ ಹಿಂದೆ ನಮ್ಮ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ಮೇ ತಿಂಗಳಲ್ಲಿ ಸಿಂಗಪುರದಿಂದ ಹೊರಡುವ ಕ್ರೂಸ್ ಬುಕ್ ಮಾಡಿದ್ದರು. ದೊಡ್ಡವಳು ದ್ವಿತೀಯ ಪಿಯು ಮುಗಿಸಿದ್ದಳು, ಸಿಇಟಿಯೂ ಆಗಿತ್ತು. ಮನೆಯಲ್ಲಿ ನಾಲ್ಕೂ ಜನ ಒಟ್ಟಿಗೆ ಹೋಗುವ ಕೊನೆಯ ದೊಡ್ಡ ರಜೆ ಇದು, ಆಮೇಲೆ ಅವಳು ಹಾಸ್ಟೆಲ್ ಸೇರುತ್ತಾಳೆ ಅನ್ನುವ ಲೆಕ್ಕ. ಹೊರಡಲು ಹನ್ನೊಂದು ದಿನ ಇದೆ ಅನ್ನುವಾಗ ವೀಸಾ ಏಜೆಂಟ್ ಫೋನ್ ಮಾಡಿದರು: "ಮೇಡಂ, ಮಗಳ ಪಾಸ್‌ಪೋರ್ಟ್ ಆಗಸ್ಟ್‌ಗೆ ಮುಗೀತದೆ. ಆರು ತಿಂಗಳು ಇರಲೇಬೇಕು. ಇದರಲ್ಲಿ ವೀಸಾ ಹಾಕೋಕೆ ಆಗಲ್ಲ."

ಅಕ್ಕ ಪಾಸ್‌ಪೋರ್ಟನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದಳು, ನಂಬರ್ ನೋಡಿ ಟಿಕೆಟ್ ಬುಕ್ ಮಾಡಿದ್ದಳು. ಫೋಟೊ ಇರುವ ಪುಟದಲ್ಲೇ ಅಚ್ಚಾಗಿರುವ ಮುಗಿಯುವ ತಾರೀಖಿನ ಮೇಲೆ ಮಾತ್ರ ಕಣ್ಣು ನಿಂತಿರಲಿಲ್ಲ. ತತ್ಕಾಲ್‌ನಲ್ಲಿ ಹೊಸ ಪಾಸ್‌ಪೋರ್ಟ್ ಬಂತು, ಹೊಸ ನಂಬರಿಗೆ ವೀಸಾ ಬಂತು, ಎಲ್ಲ ಸೇರಿ ವಿಮಾನ ಹತ್ತುವ ಹಿಂದಿನ ದಿನ ಕೈಗೆ ಸಿಕ್ಕಿತು. ಆ ಹತ್ತು ದಿನ ಆ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ.

ಪುಟ್ಟ ಮಕ್ಕಳ ಕಾಗದಪತ್ರಗಳನ್ನು ನಾವು ಜೋಪಾನ ಮಾಡುತ್ತೇವೆ, ನಮ್ಮದನ್ನೂ ನೋಡಿಕೊಳ್ಳುತ್ತೇವೆ. ಎತ್ತರದಲ್ಲಿ ನಮ್ಮನ್ನು ಮೀರಿ ಬೆಳೆದ ಹದಿಹರೆಯದವರದ್ದು ನಡುವೆ ಉಳಿದುಬಿಡುತ್ತದೆ. ಹಾಗಾಗಿ ಕ್ರೂಸ್‌ಗೆ ಮುಂಗಡ ಕಟ್ಟುವ ಮೊದಲೇ ಅವರ ಕಡತ ತೆಗೆಯಿರಿ. ಬೆಂಗಳೂರಿನಿಂದ ಬಹಳಷ್ಟು ಕುಟುಂಬಗಳು ಹೋಗುವ ಸಿಂಗಪುರ, ಪೆನಾಂಗ್, ಫುಕೆಟ್ ಮಾರ್ಗವನ್ನೇ ಇಟ್ಟುಕೊಂಡು ಒಂದೊಂದಾಗಿ ಹೇಳುತ್ತೇನೆ.

ಮೊದಲು ತಾರೀಖು

ಹದಿನೆಂಟು ತುಂಬದವರಿಗೆ ಕೊಡುವ ಪಾಸ್‌ಪೋರ್ಟ್ 5 ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಹದಿನಾಲ್ಕಕ್ಕೆ ಮಾಡಿಸಿದರೆ ಸಿಗುವುದು ನಾಲ್ಕೇ ವರ್ಷ. ಪ್ರವಾಸದ ದಿನದಿಂದ ಇನ್ನೂ ಆರು ತಿಂಗಳು ಅವಧಿ ಇರಬೇಕು ಎಂದು ಸಿಂಗಪುರ, ಮಲೇಷ್ಯಾ ಕೇಳುತ್ತವೆ, ಹಡಗು ಕಂಪನಿಗಳೂ ಕೇಳುತ್ತವೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿ: ಇಂಥ ಪಾಸ್‌ಪೋರ್ಟ್ ಇರುವ ಹುಡುಗ ಅಥವಾ ಹುಡುಗಿಗೆ ಹದಿನೇಳೂವರೆ ದಾಟಿತೆಂದರೆ, ಪುಸ್ತಕದಲ್ಲಿ ತಾರೀಖು ಉಳಿದಿದ್ದರೂ ಪ್ರಯಾಣಕ್ಕೆ ಅದು ಮುಗಿದ ಹಾಗೆ. ದ್ವಿತೀಯ ಪಿಯು ಮುಗಿಸಿದ ಮಕ್ಕಳು ಬೇಸಿಗೆ ರಜೆಯಲ್ಲಿ ಸಿಕ್ಕಿಬೀಳುವುದು ಇಲ್ಲೇ. ಆರು ತಿಂಗಳನ್ನು ಹೊರಡುವ ದಿನದಿಂದಲ್ಲ, ಮನೆಗೆ ಮರಳುವ ದಿನದಿಂದ ಎಣಿಸಿ. ಆಗ ಯಾವ ಕೌಂಟರಿನಲ್ಲೂ ಮಾತು ಬರುವುದಿಲ್ಲ.

15 ತುಂಬಿದ್ದರೆ ಹತ್ತು ವರ್ಷದ್ದೇ ಕೇಳಿ

15ರಿಂದ 18ರೊಳಗಿನವರಿಗೆ ಅರ್ಜಿಯಲ್ಲೇ ಒಂದು ಆಯ್ಕೆ ಇದೆ. ಹದಿನೆಂಟರವರೆಗಿನ ಪಾಸ್‌ಪೋರ್ಟ್ ಸಾಕೋ, ಪೂರ್ತಿ ಹತ್ತು ವರ್ಷದ್ದು ಬೇಕೋ ಎಂದು ಕೇಳುತ್ತದೆ. ಮೊದಲನೆಯದಕ್ಕೆ ಶುಲ್ಕ ₹1,000, ಎರಡನೆಯದಕ್ಕೆ ₹1,500. ಐನೂರು ರೂಪಾಯಿ ಉಳಿಯಿತೆಂದು ಮೊದಲನೆಯದನ್ನು ಒತ್ತಿದರೆ ಒಂದೆರಡು ವರ್ಷದಲ್ಲಿ ಮತ್ತೆ ಅದೇ ಸಾಲಿನಲ್ಲಿ ನಿಲ್ಲಬೇಕು. ಮಗುವಿಗೆ ಈಗ ಹದಿನಾಲ್ಕೂವರೆ, ಪ್ರವಾಸಕ್ಕೆ ಇನ್ನೂ ಸಮಯವಿದೆ ಅನ್ನುವವರು ಹದಿನೈದು ತುಂಬುವವರೆಗೆ ಕಾಯುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ತತ್ಕಾಲ್ ಬೇಕಾದರೆ ಮೇಲೆ ₹2,000.

ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಳ್ಳಿ. ಬೆಂಗಳೂರಿನವರಿಗೆ ಲಾಲ್‌ಬಾಗ್ ರಸ್ತೆ, ಮಾರತ್‌ಹಳ್ಳಿ ಕೇಂದ್ರಗಳಿವೆ. ಹುಬ್ಬಳ್ಳಿ, ಮಂಗಳೂರಿನಲ್ಲೂ ಸೇವಾ ಕೇಂದ್ರ ಇದೆ. ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಕೇಂದ್ರಗಳು 2017ರ ಜನವರಿಯಲ್ಲಿ ಪ್ರಯೋಗವಾಗಿ ಶುರುವಾದಾಗ ಮೊದಲ ಎರಡರಲ್ಲಿ ಒಂದು ನಮ್ಮ ಮೈಸೂರಿನದು. ಈಗ ಹಲವು ಜಿಲ್ಲೆಗಳಲ್ಲಿ ಇರುವುದರಿಂದ ರಾಜಧಾನಿಗೆ ಓಡಿಬರಬೇಕಾಗಿಲ್ಲ.

ಮಗುವಿನ ಹಳೆಯ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಜೆರಾಕ್ಸ್, ಅಪ್ಪ ಅಮ್ಮ ಇಬ್ಬರ ಪಾಸ್‌ಪೋರ್ಟ್, ಇಬ್ಬರೂ ಸಹಿ ಮಾಡಿದ ಅನುಬಂಧ 'ಡಿ' ಒಪ್ಪಿಗೆ ಪತ್ರ ತೆಗೆದುಕೊಂಡು ಹೋಗಿ. ಒಬ್ಬರ ಸಹಿ ಸಿಗುವಂತಿಲ್ಲದಿದ್ದರೆ ಅನುಬಂಧ 'ಸಿ' ಇದೆ. ಒಂಟಿಯಾಗಿ ಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರು ಇದನ್ನು ತಿಳಿದಿರಬೇಕು: ದಾರಿ ಇದೆ, ಅದಕ್ಕಾಗಿ ಯಾರ ಮುಂದೆಯೂ ಅಂಗಲಾಚಬೇಕಾಗಿಲ್ಲ.

ಪಾಸ್‌ಪೋರ್ಟ್ ಬದಲಾದರೆ ನಂಬರೂ ಬದಲಾಗುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಪಾಸ್‌ಪೋರ್ಟ್ ಮೊದಲು, ಬುಕಿಂಗ್ ಆಮೇಲೆ, ವೀಸಾ ಕೊನೆಗೆ. ಆಗಲೇ ಬುಕಿಂಗ್ ಆಗಿದ್ದರೆ ಹೊಸ ನಂಬರನ್ನು ಹಡಗು ಕಂಪನಿಯ ಆನ್‌ಲೈನ್ ಚೆಕ್‌ಇನ್‌ನಲ್ಲೂ ವಿಮಾನದ ಟಿಕೆಟ್‌ನಲ್ಲೂ ತಿದ್ದಿ.

ಹೆಸರು ಮತ್ತು ಇನಿಷಿಯಲ್

ಕರ್ನಾಟಕದವರಿಗೆ ಅತಿ ಹೆಚ್ಚು ತೊಡಕು ಕೊಡುವುದು ಇದು, ಸ್ವಲ್ಪ ನಿಧಾನವಾಗಿ ಓದಿ.

ನಮ್ಮಲ್ಲಿ ಅನೇಕ ಮನೆಗಳಲ್ಲಿ ಅಡ್ಡಹೆಸರೇ ಇಲ್ಲ. ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ಮಗುವಿನ ಹೆಸರು. ಶಾಲೆಯ ದಾಖಲೆಯಲ್ಲಿ 'ಎಚ್. ಎಸ್. ಶ್ರೇಯಸ್' ಎಂದಿರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಬರೀ 'ಶ್ರೇಯಸ್'. ಹಡಗಿನ ಫಾರಂ ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಇಟ್ಟು ಎರಡನ್ನೂ ತುಂಬು ಅನ್ನುತ್ತದೆ.

ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಒಂದಕ್ಷರವೂ ಹೆಚ್ಚುಕಮ್ಮಿ ಬೇಡ. ಮನೆಯಲ್ಲಿ ಕರೆಯುವ ಹೆಸರು, ಶಾಲೆಯ ಸ್ಪೆಲ್ಲಿಂಗ್ ಯಾವುದೂ ಬೇಡ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಬುಕ್ ಮಾಡುವ ಮೊದಲೇ ವಿಮಾನ ಕಂಪನಿಯನ್ನೂ ಹಡಗು ಕಂಪನಿಯನ್ನೂ ಕೇಳಿ, ಅವರು ಹೇಳಿದಂತೆ ತುಂಬಿ, ಆ ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ. ಚಳಿಗಾಲದಲ್ಲಿ ದುಬೈನಿಂದ ಕ್ರೂಸ್ ಹೋಗುವವರಿಗೆ ಇದು ಇನ್ನೂ ಮುಖ್ಯ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ಇಲ್ಲ ಎಂದು ನಿಯಮ ಮಾಡಿತು. ಹದಿನೈದಕ್ಕೆ ಹೊಸ ಪಾಸ್‌ಪೋರ್ಟ್ ಮಾಡಿಸುವಾಗಲೇ ಸರ್‌ನೇಮ್ ಖಾನೆಯನ್ನು ಯೋಚಿಸಿ ತುಂಬಿದರೆ, ಮುಂದೆ ಓದಲು ಹೊರಗೆ ಹೋಗುವಾಗಲೂ ಮಗು ನೆಮ್ಮದಿಯಾಗಿರುತ್ತದೆ.

ಜನನ ಪ್ರಮಾಣಪತ್ರ ಯಾಕೆ?

ಪಾಸ್‌ಪೋರ್ಟ್ ಇದ್ದ ಮೇಲೆ ಇದೇಕೆ ಎಂದು ಕೇಳುವವರಿದ್ದಾರೆ. ಅಮ್ಮನ ಹೆಸರು ತವರಿನದು, ಮಗನದು ಅಪ್ಪನ ಕಡೆಯದು, ಮೂವರ ಹೆಸರಿನ ಕೊನೆಯಲ್ಲಿ ಒಂದೇ ಪದ ಇಲ್ಲ. ಇವನು ನಿಮ್ಮ ಮಗನೇ ಎಂದು ತೋರಿಸಲು ಎಲ್ಲರೂ ಒಪ್ಪುವ ಕಾಗದ ಇದೊಂದೇ. ವೀಸಾ ಅರ್ಜಿಯ ಜತೆಗೂ ಕೇಳುತ್ತಾರೆ.

ಆಸ್ಪತ್ರೆ ಕೊಟ್ಟ ಚೀಟಿ ಜನನ ಪ್ರಮಾಣಪತ್ರವಲ್ಲ. ನೋಂದಣಾಧಿಕಾರಿ ಕೊಟ್ಟದ್ದೇ ಬೇಕು. ಕಳೆದುಹೋಗಿದ್ದರೆ ಕರ್ನಾಟಕದ ಜನನ ಮರಣ ನೋಂದಣಿಯ ಆನ್‌ಲೈನ್ ವ್ಯವಸ್ಥೆಯಾದ ಇ-ಜನ್ಮದಲ್ಲಿ ಡಿಜಿಟಲ್ ಸಹಿಯ ಪ್ರತಿ ಸಿಗುತ್ತದೆ. ಹೆಸರಿಡುವ ಮೊದಲೇ ನೋಂದಣಿಯಾದ ಮಕ್ಕಳ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇರುವುದುಂಟು. ಅದನ್ನು ಸೇರಿಸಲು ನಿಯಮದಲ್ಲಿ 15 ವರ್ಷದ ಮಿತಿ ಇದೆ, ಆದ್ದರಿಂದ ಹೈಸ್ಕೂಲ್ ಮೆಟ್ಟಿಲು ಹತ್ತುವ ಮೊದಲೇ ನೋಡಿ. ಶಾಲೆಗೆ ಸೇರಿಸಲೆಂದು ಹುಟ್ಟಿದ ದಿನವನ್ನು ಹಿಂದೆ ಮುಂದೆ ಮಾಡಿಸಿದ್ದರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮುನ್ನ ಅದನ್ನು ಸರಿಪಡಿಸಿಕೊಳ್ಳಿ.

ಅಪ್ಪನಿಗೆ ರಜೆ ಸಿಗದಿದ್ದರೆ

ಅಮ್ಮನ ಜತೆ ಮಾತ್ರ, ಅಜ್ಜಿ ತಾತನ ಜತೆ, ದೊಡ್ಡಪ್ಪನ ಕುಟುಂಬದ ಜತೆ ಮಕ್ಕಳನ್ನು ಕಳಿಸುವುದು ನಮ್ಮಲ್ಲಿ ಸಹಜ. ಬಂದರಿನ ಕೌಂಟರಿನಲ್ಲಿ ಕೂತವರಿಗೆ ಅದು ಹಾಗೆ ಕಾಣುವುದಿಲ್ಲ. ಮಕ್ಕಳ ಕಳ್ಳಸಾಗಣೆ ತಡೆಯಲು ಅವರು ಕೇಳುತ್ತಾರೆ, ಕೇಳಲೇಬೇಕು. ಬೇಸರ ಮಾಡಿಕೊಳ್ಳಬೇಡಿ. ಬರದೇ ಇರುವ ತಂದೆ ಅಥವಾ ತಾಯಿಯ ಒಪ್ಪಿಗೆ ಪತ್ರವನ್ನು ಛಾಪಾ ಕಾಗದದ ಮೇಲೆ ಇಂಗ್ಲಿಷ್‌ನಲ್ಲಿ ಬರೆಸಿ ನೋಟರಿ ಮಾಡಿಸಿ. ಇಬ್ಬರೂ ಬರದಿದ್ದರೆ ಇಬ್ಬರದೂ ಸಹಿ ಬೇಕು.

ಪತ್ರದಲ್ಲಿ ಮಗುವಿನ ಪೂರ್ಣ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಜತೆಗೆ ಹೋಗುವವರ ಹೆಸರು ಮತ್ತು ಸಂಬಂಧ, ಹಡಗಿನ ಹೆಸರು, ಹೊರಡುವ ಮರಳುವ ದಿನ, ನಡುವಿನ ಬಂದರುಗಳು, ನಿಮ್ಮ ಫೋನ್ ನಂಬರ್ ಇರಲಿ. ಜತೆಗೆ ಒಂದು ಸಾಲು ಮರೆಯಬೇಡಿ: ತುರ್ತು ಬಂದರೆ ವೈದ್ಯಕೀಯ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಇವರಿಗಿದೆ ಎಂದು. ನಡುಸಮುದ್ರದಲ್ಲಿ ಹುಡುಗನ ಕೈ ಮುರಿದರೆ ಅಜ್ಜನಿಗೆ ಬೇಕಾಗುವುದು ಆ ಸಾಲೇ. ಕೋರ್ಟ್ ಎದುರು ನೋಟರಿ ಮೇಜಿನಿಂದ ಏಳುವ ಮೊದಲು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ: ಪ್ರತಿ ಪುಟದಲ್ಲೂ ಮುದ್ರೆ, ಸಹಿ, ತಾರೀಖು ಇದೆಯೇ, ಮುದ್ರೆಯ ಅಕ್ಷರ ಓದಲು ಬರುತ್ತದೆಯೇ. ಸಹಿ ಮಾಡಿದವರ ಪಾಸ್‌ಪೋರ್ಟ್ ಪ್ರತಿಯನ್ನು ಅದಕ್ಕೇ ಪಿನ್ ಮಾಡಿ. ವಿಚ್ಛೇದನವಾಗಿದ್ದರೆ ಮಗು ಯಾರ ವಶದಲ್ಲಿರಬೇಕೆಂಬ ನ್ಯಾಯಾಲಯದ ಆದೇಶ, ಒಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಜತೆಗಿರಲಿ.

ವೀಸಾ: ಒಮ್ಮೆ ಹೋಗುವುದಲ್ಲ, ಎರಡು ಸಲ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಿಂಗಪುರಕ್ಕೆ ವೀಸಾ ಬೇಕು. ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಸರ್ಕಾರಿ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರದ್ದು ಬೇರೆ. ಫೋಟೊ ಬಿಳಿ ಹಿನ್ನೆಲೆಯದು, ಇತ್ತೀಚಿನದು ಇರಬೇಕು. ಮೀಸೆ ಮೂಡುತ್ತಿರುವ ಹುಡುಗನ ಎರಡು ವರ್ಷದ ಹಿಂದಿನ ಫೋಟೊ ಕೊಡಬೇಡಿ.

ವಿಮಾನದಿಂದ ಇಳಿದು ಸಿಂಗಪುರ ಪ್ರವೇಶಿಸುವುದು ಒಂದು ಸಲ. ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ಹಡಗು ಹತ್ತುವಾಗ ನಿಮ್ಮ ನಿರ್ಗಮನವಾಗುತ್ತದೆ. ಪೆನಾಂಗ್ ನೋಡಿ ಬಂದು ಅದೇ ಕಟ್ಟಡದಲ್ಲಿ ಇಳಿದರೆ ಎರಡನೇ ಪ್ರವೇಶ. ನಡುವಿನ ಬಂದರಿನಲ್ಲಿ ಹಡಗಿನಿಂದ ಕೆಳಗಿಳಿಯದೇ ಇದ್ದರೂ ಲೆಕ್ಕ ಅದೇ. ಹಾಗಾಗಿ ಕೈಗೆ ಬಂದ ಇ-ವೀಸಾದಲ್ಲಿ ಬಹುಪ್ರವೇಶ ಎಂದಿದೆಯೇ, ಮಕ್ಕಳ ಹಾಳೆಯಲ್ಲೂ ಇದೆಯೇ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಓದಿ.

ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಡಲು ಶುರು ಮಾಡಿತು, ಥಾಯ್ಲೆಂಡ್ ಕೂಡ ಕೊಟ್ಟಿದೆ. ಇಂಥ ವಿನಾಯಿತಿಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹೊರಡುವ ತಿಂಗಳಲ್ಲಿ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ.

ಅರೈವಲ್ ಕಾರ್ಡ್

ಸಿಂಗಪುರ ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್, ಅಂದರೆ ದೇಶದೊಳಗೆ ಬರುವವರು ತಮ್ಮ ವಿವರ ಕೊಡುವ ಫಾರಂ, ಆನ್‌ಲೈನ್‌ನಲ್ಲಿ ತುಂಬಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ. ಸಿಂಗಪುರ ಸರ್ಕಾರದ ತಾಣದಲ್ಲಿ ಇದು ಉಚಿತ. ಬ್ಯಾಂಕ್ ಕಾರ್ಡ್ ನಂಬರ್ ಕೇಳುವ, ಹಣ ಕೇಳುವ ತಾಣ ಕಂಡರೆ ಅದು ನಕಲಿ. ಹಡಗಿನಲ್ಲಿ ಮರಳುವಾಗ ಮತ್ತೆ ತುಂಬಬೇಕು. ಸಮುದ್ರದ ಮಧ್ಯೆ ಇಂಟರ್‌ನೆಟ್ ದುಬಾರಿ, ಆದ್ದರಿಂದ ಬಂದರಿನಲ್ಲಿ ಸಿಗ್ನಲ್ ಸಿಕ್ಕಾಗಲೇ ಮುಗಿಸಿಬಿಡಿ. ಈ ಕೆಲಸವನ್ನು ಮಕ್ಕಳಿಗೇ ವಹಿಸಿ, ಪಾಸ್‌ಪೋರ್ಟ್ ನಂಬರನ್ನು ಮಾತ್ರ ನೀವು ಪಕ್ಕದಲ್ಲಿ ಕೂತು ಓದಿ ಹೇಳಿ. ಥಾಯ್ಲೆಂಡ್ 2025ರ ಮೇ 1ರಿಂದ ತನ್ನದೇ ಡಿಜಿಟಲ್ ಕಾರ್ಡ್ ತಂದಿದೆ, ಮಲೇಷ್ಯಾಕ್ಕೂ ಒಂದಿದೆ. ನಿಮ್ಮ ಹಡಗಿನವರು ಯಾವುದನ್ನು ತುಂಬಬೇಕೆಂದು ಇಮೇಲ್ ಕಳಿಸುತ್ತಾರೆ, ಅದನ್ನು ಕೊನೆಯವರೆಗೂ ಓದಿ.

ವಿದೇಶದಿಂದ ಬಂದ ಕಸಿನ್ ಜತೆಗಿದ್ದರೆ

ಅಮೆರಿಕದಲ್ಲಿ ಹುಟ್ಟಿ ರಜೆಗೆ ಅಜ್ಜಿ ಮನೆಗೆ ಬಂದ ಮಕ್ಕಳು ಇದೇ ಹಡಗು ಹತ್ತುವುದಾದರೆ, ಭಾರತಕ್ಕೆ ಮರಳಿ ಬರಲು ಒಸಿಐ ಕಾರ್ಡ್ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಮತ್ತು ಚಾಲ್ತಿಯ ಪಾಸ್‌ಪೋರ್ಟ್ ಎರಡೂ ಬೇಕು. ಇಪ್ಪತ್ತು ವರ್ಷದೊಳಗಿನವರು ಪಾಸ್‌ಪೋರ್ಟ್ ಹೊಸದಾದಾಗಲೆಲ್ಲ ಅದರ ಪ್ರತಿಯನ್ನೂ ಹೊಸ ಫೋಟೊವನ್ನೂ ಒಸಿಐ ತಾಣಕ್ಕೆ ಏರಿಸಬೇಕು. ಬೆಳೆಯುವ ಮಕ್ಕಳ ಅಪ್ಪ ಅಮ್ಮ ಮರೆಯುವುದು ಇದನ್ನೇ.

ಮುಂಬೈನಿಂದಲೇ ಹೊರಡುವವರಿಗೆ

ಮುಂಬೈನಿಂದ ಗೋವಾ, ಕೊಚ್ಚಿಗೆ ಹೋಗುವ ದೇಶದೊಳಗಿನ ಕ್ರೂಸ್‌ಗೆ ಪಾಸ್‌ಪೋರ್ಟ್ ಬೇಕಿಲ್ಲ, ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ಸಾಕು. ಹೆಚ್ಚಿನವರು ಆಧಾರ್ ಒಯ್ಯುತ್ತಾರೆ. ಮಗುವಿನ ಆಧಾರ್‌ನಲ್ಲಿ ಇನ್ನೂ ಯುಕೆಜಿ ಮುಖ, ಎದುರಿಗೆ ನಿಂತವನು ಐದು ಅಡಿ ಒಂಬತ್ತು ಅಂಗುಲ. ಐದು ಮತ್ತು ಹದಿನೈದು ತುಂಬಿದಾಗ ಬೆರಳಚ್ಚು, ಕಣ್ಣು, ಫೋಟೊ ಹೊಸದಾಗಿ ಕೊಡುವುದು ಕಡ್ಡಾಯ. ಅದನ್ನು ಈ ನೆಪದಲ್ಲಾದರೂ ಮುಗಿಸಿ. ಲಕ್ಷದ್ವೀಪವೂ ದಾರಿಯಲ್ಲಿದ್ದರೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಬುಕ್ ಮಾಡುವಾಗಲೇ ವಿಚಾರಿಸಿ.

ಹಡಗಿನ ಬಾಗಿಲಲ್ಲಿ

ಮೂಲ ದಾಖಲೆಗಳನ್ನು ಸೂಟ್‌ಕೇಸಿನಲ್ಲಿ ಇಡಬೇಡಿ. ಟರ್ಮಿನಲ್ ಹೊಕ್ಕ ಕೂಡಲೇ ದೊಡ್ಡ ಬ್ಯಾಗುಗಳನ್ನು ತೆಗೆದುಕೊಂಡು ಹೋಗುತ್ತಾರೆ, ಅವು ಸಿಗುವುದು ಕ್ಯಾಬಿನ್ ಬಾಗಿಲಲ್ಲಿ. ಪ್ರತಿಯೊಬ್ಬರಿಗೂ ಒಂದೊಂದು ಪಾರದರ್ಶಕ ಫೋಲ್ಡರ್ ಮಾಡಿ: ಮೇಲೆ ಪಾಸ್‌ಪೋರ್ಟ್, ಕೆಳಗೆ ವೀಸಾ, ಬೋರ್ಡಿಂಗ್ ಹಾಳೆ, ಜನನ ಪ್ರಮಾಣಪತ್ರ, ಒಪ್ಪಿಗೆ ಪತ್ರ. ಹದಿಹರೆಯದವರು ತಮ್ಮದನ್ನು ತಾವೇ ಹಿಡಿದುಕೊಳ್ಳಲಿ, ಅಧಿಕಾರಿ ಏನಾದರೂ ಕೇಳಿದರೆ ಅವರೇ ಉತ್ತರಿಸಲಿ.

ಕೆಲವು ಹಡಗುಗಳು ಪಾಸ್‌ಪೋರ್ಟ್‌ಗಳನ್ನು ತಾವೇ ಇಟ್ಟುಕೊಂಡು ಪ್ರವಾಸದ ಕೊನೆಗೆ ಹಿಂತಿರುಗಿಸುತ್ತವೆ. ಗಾಬರಿ ಬೇಡ, ಆದರೆ ಪ್ರತಿ ಮಗುವಿನ ಜೇಬಿನಲ್ಲೂ ಪಾಸ್‌ಪೋರ್ಟಿನ ಜೆರಾಕ್ಸ್ ಇರಲಿ. ಪೆನಾಂಗ್‌ನ ಸ್ವೆಟನ್‌ಹ್ಯಾಮ್ ಕಟ್ಟೆಯಲ್ಲಿ ಇಳಿದು ಜಾರ್ಜ್‌ಟೌನ್ ಬೀದಿಗೆ ಹೊರಟಾಗ ಅವರ ಬಳಿ ಇರಬೇಕಾದ್ದು ಆ ಜೆರಾಕ್ಸ್, ಕ್ಯಾಬಿನ್ ಬಾಗಿಲು ತೆರೆಯುವ ಹಡಗಿನ ಕಾರ್ಡ್, ಮತ್ತು ಅದರ ಹಿಂದೆ ಪೆನ್ನಿನಲ್ಲಿ ಬರೆದ ಎರಡು ಸಾಲು: ನಿಮ್ಮ ಫೋನ್ ನಂಬರ್, ಎಲ್ಲರೂ ಹಡಗಿಗೆ ಮರಳಿರಬೇಕಾದ ಹೊತ್ತು. ಆ ಹೊತ್ತನ್ನು ಹಡಗಿನ ಗಡಿಯಾರ ನೋಡಿಯೇ ಬರೆಯಿರಿ. ಥಾಯ್ಲೆಂಡ್ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದಿದೆ, ಫುಕೆಟ್‌ನಲ್ಲಿ ಮಕ್ಕಳ ಮೊಬೈಲ್ ತಾನಾಗಿಯೇ ಆ ಸಮಯಕ್ಕೆ ಹೊರಳಿಕೊಳ್ಳುತ್ತದೆ.